ಮೂವತ್ತು ದಳ

ಕಜಾನ್ಲಿಕ್ ಊರಿನ ಹೊರಗೆ, ರೈಲು ಹಳಿಯ ಆಚೆ
ನನ್ನದು ಎಂಟು ಸಾಲು ಗುಲಾಬಿ, ಒಂದು ವೆಬ್‌ಸೈಟು.
ಸಾಲುಗಳು ಮಾವ ನೆಟ್ಟದ್ದು. ವೆಬ್‌ಸೈಟು
ಪೋಸ್ಟಾಫೀಸಿನ ಗಿನ್ಕಾಳ ಮಗ ಮಾಡಿದ್ದು, ಎರಡು ಬಾಟಲಿ ರಾಕಿಯಾಕ್ಕೆ.
ಎರಡರ ಕಳೆ ಕೀಳುವವಳೂ ನಾನೇ.

ನವೆಂಬರಿನಲ್ಲಿ, ಎಲೆ ಉದುರಿದ ಮೇಲೆ,
ಕಡ್ಡಿ ಕತ್ತರಿಸಿ, ಬುಡಕ್ಕೆ ಒದ್ದೆ ಪಾಚಿ ಸುತ್ತಿ,
ಹಳೇ ಪತ್ರಿಕೆಯಲ್ಲಿ ಮಡಿಸಿ ಕಳಿಸುತ್ತೇನೆ.
ಹೋದ ವರ್ಷ ಗೆಂಟ್ ಎಂಬಲ್ಲಿಂದ ಒಬ್ಬ, ಯೋರಿಸ್ ಅಂತ,
ಅರವತ್ತು ಕಡ್ಡಿ ಕೇಳಿದ. ಒಟ್ಟಿಗೆ ಅರವತ್ತು!
ಹಣ ಕಳಿಸುವಾಗ ಷರಾದಲ್ಲಿ
ಮರ್ಯಾದಸ್ಥ, ಪೂರ್ತಿ ಹೆಸರು ಬರೆದ:
ಡಮಾಸ್ಕಸ್ ಗುಲಾಬಿ.

ಬೆಳಿಗ್ಗೆ ಪರದೆ ತೆರೆದರೆ ಹಣ ಇದೆ.
ಇದೆ, ಬೂದು ಬಣ್ಣದಲ್ಲಿದೆ,
ಪಕ್ಕದಲ್ಲಿ ಒಂದು ಪುಟ್ಟ ಬೀಗದ ಚಿತ್ರ.
ಪರಿಶೀಲನೆಯಲ್ಲಿದೆ, ಎಂದರು. ನೂರ ಎಂಬತ್ತು ದಿನದವರೆಗೆ
ಹಿಡಿದಿಡುವ ಹಕ್ಕು ತಮಗುಂಟು, ಎಂದರು.
ಯಾರು ಎಂದರು? ಯಾರೂ ಅಲ್ಲ.
ಯಂತ್ರವೊಂದು ಓದಿತ್ತು, ಊರಿನ ಹೆಸರು ಕಂಡಿತ್ತು,
ಯುದ್ಧ, ದಿಗ್ಬಂಧನ, ಕಪ್ಪು ಪಟ್ಟಿ ನೆನಪಾಗಿತ್ತು.
ಗುಲಾಬಿ ಎಂಬ ಪದ ಅದಕ್ಕೆ ಏನನ್ನೂ ನೆನಪಿಸಲಿಲ್ಲ.

ನಾನು ಬರೆದೆ: ಸ್ವಾಮಿ, ಇದು ಹೂವು.
ಅವರು ಬರೆದರು: ನಿಮ್ಮ ತಾಳ್ಮೆಗೆ ಧನ್ಯವಾದ.
ನಾನು ಬರೆದೆ: ಆ ಊರಿಂದ ಬಂದದ್ದು ನಿಜವೇ ಇರಬಹುದು,
ಯಾವ ಕಾಲದಲ್ಲೋ, ಯಾವ ವ್ಯಾಪಾರಿಯ ಕತ್ತೆಯ ಬೆನ್ನೇರಿಯೋ;
ಬಂದದ್ದರ ಗುರುತಿನ ಚೀಟಿ ಈಗ ಎಲ್ಲಿಂದ ತರಲಿ?
ಅವರು ಬರೆದರು: ದಯವಿಟ್ಟು ಗುರುತಿನ ಚೀಟಿ ಲಗತ್ತಿಸಿ.

ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ,
ಈ ಪೂಜಾರಿಗೆ ಮುಖವೂ ಇಲ್ಲ,
ಬಾಗಿಲಲ್ಲಿ ಕೂತು ಬೈಯೋಣವೆಂದರೆ ಗುಡಿಯೂ ಇಲ್ಲ.
ದಕ್ಷಿಣೆ ಮಾತ್ರ ಮೊದಲೇ ಮುರಿದುಕೊಂಡಿದ್ದ,
ನೂರಕ್ಕೆ ಮೂರು, ಮೇಲೆ ಚಿಲ್ಲರೆ.

ಕಡ್ಡಿ ಕತ್ತರಿಸಿಯಾಗಿತ್ತು.
ಕತ್ತರಿಸಿದ ಕಡ್ಡಿ ನೂರ ಎಂಬತ್ತು ದಿನ ಕಾಯುವುದಿಲ್ಲ,
ಅದಕ್ಕೆ ನಿಯಮಾವಳಿ ಓದಲು ಬರುವುದಿಲ್ಲ.
ಕಳಿಸಿಬಿಟ್ಟೆ.
ಗಿನ್ಕಾ ಮೊಹರು ಒತ್ತುತ್ತ ಅಂದಳು: ಹುಚ್ಚಿ,
ನೋಟು ಎಣಿಸು, ಗಂಟು ಒಯ್ಯಿ, ಅನ್ನಬಾರದಿತ್ತೆ?
ನೋಟಿನ ಮಾತು ಆಡಬೇಡ ಅಂದೆ.
ತೊಂಬತ್ತಾರರ ಚಳಿಗಾಲ ಮರೆತೆಯಾ?
ಮಾವ ಬ್ಯಾಂಕಿನಲ್ಲಿ ಒಂದು ಹಸುವಿನ ಬೆಲೆ ಇಟ್ಟಿದ್ದ,
ಸಾಲಿನಲ್ಲಿ ನಿಂತು ನಿಂತು ವಾಪಸು ತಂದದ್ದರಲ್ಲಿ
ಎರಡು ಬ್ರೆಡ್ಡು ಬಂದವು.
ಗಿನ್ಕಾ ಮೊಹರನ್ನು ಇನ್ನೊಮ್ಮೆ ಒತ್ತಿದಳು, ಬೇಕಿರಲಿಲ್ಲ.

ಮೇ ತಿಂಗಳು, ನಸುಕಿನಲ್ಲಿ ಹೂ ಬಿಡಿಸುತ್ತಿದ್ದಾಗ
ಜೇಬಿನಲ್ಲಿ ಫೋನು ಗುಂಯ್ ಅಂದಿತು.
ಬೂದು ಹಸಿರಾಗಿತ್ತು. ಕ್ಷಮೆ ಇರಲಿಲ್ಲ, ಬಡ್ಡಿಯೂ.
ಅದೇ ವಾರ ಯೋರಿಸನ ಪತ್ರ:
ಅರವತ್ತರಲ್ಲಿ ನಲವತ್ತೊಂದು ಚಿಗುರಿವೆ.

ನಂಬಬಹುದೇ ಅಂತ ಕೇಳುತ್ತಾಳೆ ಕೆಳಕೇರಿಯ ಸ್ತೋಯ್ನಾ,
ಜೇನು ಮಾರಲು ಅವಳಿಗೂ ಒಂದು ವೆಬ್‌ಸೈಟು ಬೇಕಂತೆ.
ಏನು ಹೇಳಲಿ? ಹಣ ಬಂತು.
ಸೌದೆ ಕೊಳ್ಳುವ ತಿಂಗಳಲ್ಲಿ ಬರಲಿಲ್ಲ, ಬಂತು.
ಹೆಸರಿನಲ್ಲಿ ಊರು ಇಡಬೇಡ, ಅಂದೆ.
ನಾನಂತೂ ಬದಲಿಸಿದ್ದೇನೆ. ಈಗ ಅಲ್ಲಿ
ಮೂವತ್ತು ದಳದ ಗುಲಾಬಿ ಎಂದಷ್ಟೇ ಇದೆ.
ಯಂತ್ರ ಓದುತ್ತದೆ, ದಳ ಎಣಿಸುವುದಿಲ್ಲ, ದಾರಿ ಬಿಡುತ್ತದೆ.

ಬುಟ್ಟಿ ತುಂಬಿಕೊಂಡು ಬರುವಾಗ ಮಾತ್ರ
ಎಂಟನೆಯ ಸಾಲಿನ ಕೊನೆಯಲ್ಲಿ, ಯಾರೂ ಇಲ್ಲದಾಗ,
ಹಳೆಯ ಹೆಸರು ಹಿಡಿದು ಒಮ್ಮೆ ಕರೆಯುತ್ತೇನೆ.
ಬೆರಳಿಗೆ ಮುಳ್ಳು ತಾಕಿದರೆ,
ಸರಿ, ಕೇಳಿಸಿತು ಅಂತ.